ನಮ್ಮ ಕಾಡ್ಗಿಚ್ಚು, ನಮ್ಮ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿ ಮುಗಿಯುತ್ತಿದ್ದಂತೆ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಚಿಕ್ಕಮಗಳೂರು, ಸಕಲೇಶಪುರದ ಕಡೆಯಿಂದ ಬೆಂಕಿಯ ಸುದ್ದಿ ಬರೋಕೆ ಶುರುವಾಗುತ್ತದೆ. ಜೊತೆಗೇ ಪ್ರಶ್ನೆಗಳೂ ಬರುತ್ತವೆ. ಗೆಳೆಯರು, ನೆಂಟರು, ಕಾಲೇಜು ಹುಡುಗರು, ಕಾಡಂಚಿನ ಊರಿನವರು ಕೇಳಿದ್ದನ್ನು ಅವರ ಮಾತಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆಕೆಡಿಸುವಂಥದ್ದು ಆಮೇಲೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಶುರುವಿನ ಪ್ರಶ್ನೆಗಳು

ನಮ್ಮ ಕಾಡಿಗೆ ಬೆಂಕಿ ತಾನಾಗೇ ಬೀಳುತ್ತಾ, ಯಾರಾದ್ರೂ ಹಚ್ತಾರಾ?

ಬಹುಪಾಲು ಮನುಷ್ಯರಿಂದಲೇ. ಬೇಕಂತಲೇ ಹಚ್ಚಿದ್ದೂ ಇರುತ್ತದೆ, ಅಜಾಗರೂಕತೆಯಿಂದ ಆದದ್ದೂ ಇರುತ್ತದೆ. ದನಕ್ಕೆ ಹೊಸ ಹುಲ್ಲು ಚಿಗುರಲಿ ಅಂತ ಹಚ್ಚುತ್ತಾರೆ. ದನಕ್ಕೆ ಕಚ್ಚುವ ಉಣ್ಣೆ ಹುಳದ ಕಾಟ ಕಡಿಮೆಯಾಗಲಿ ಅಂತ ಹಚ್ಚುತ್ತಾರೆ. ಜೇನು ಇಳಿಸುವಾಗ ಹಿಡಿದ ಸೂಡಿ ಕೆಳಗೆ ಬೀಳುತ್ತದೆ. ಹೊಲದ ಅಂಚಿನ ಕಸ ಸುಡುವಾಗ ಗಾಳಿ ತಿರುಗುತ್ತದೆ. ಯಾರೋ ಬೀಡಿ ಎಸೆಯುತ್ತಾರೆ. ಇಲಾಖೆ ಮೇಲಿನ ಸಿಟ್ಟಿಗೆ ಹಚ್ಚುವುದೂ ಉಂಟು.

ಸಿಡಿಲಿನಿಂದ ಬೆಂಕಿ ಹತ್ತೋದು ಅಸಾಧ್ಯ ಅಲ್ಲ. ಆದರೆ ನಮ್ಮಲ್ಲಿ ಕಾಡು ಹೆಚ್ಚು ಉರಿಯೋದು ಫೆಬ್ರವರಿ, ಮಾರ್ಚ್‌ನಲ್ಲಿ. ಗುಡುಗು ಸಿಡಿಲು ಜೋರಾಗೋದು ಏಪ್ರಿಲ್, ಮೇ ಹೊತ್ತಿಗೆ, ಅದೂ ಸಾಮಾನ್ಯವಾಗಿ ಮಳೆಯ ಜೊತೆಗೇ. ಈ ಎರಡು ಕಾಲ ಹೊಂದೋದೇ ಇಲ್ಲ.

ಬಿದಿರು ಒಂದಕ್ಕೊಂದು ಉಜ್ಜಿ ಬೆಂಕಿ ಬರುತ್ತೆ ಅಂತ ನಮ್ಮಜ್ಜ ಹೇಳ್ತಿದ್ರು. ನಿಜವಾ?

ಕೈಯಲ್ಲಿ ಬಿದಿರಿನ ತುಂಡು ಹಿಡಿದು ಜೋರಾಗಿ, ಒಂದೇ ಜಾಗದಲ್ಲಿ, ಬಿಡದೆ ಉಜ್ಜಿದರೆ ಕಿಡಿ ಬರಿಸಬಹುದು. ಆದಿವಾಸಿಗಳಿಗೆ ಅದು ಗೊತ್ತಿದ್ದ ವಿದ್ಯೆ. ಆದರೆ ಗಾಳಿಗೆ ತೂಗಾಡುವ ಮೆಳೆಯಿಂದ ಹಾಗೆ ಕಾಡ್ಗಿಚ್ಚು ಎದ್ದಿತು ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಬಿದಿರಿಗೂ ಬೆಂಕಿಗೂ ನಿಜವಾದ ನಂಟು ಬೇರೆಯದು. ದಶಕಗಳಿಗೊಮ್ಮೆ ಹೆಬ್ಬಿದಿರು ಒಟ್ಟಿಗೇ ಹೂಬಿಟ್ಟು, ಅಕ್ಕಿ ಉದುರಿಸಿ, ಒಟ್ಟಿಗೇ ಸಾಯುತ್ತದೆ. ಆಮೇಲಿನ ಕೆಲವು ಬೇಸಿಗೆ ಆ ಒಣ ಮೆಳೆಗಳೆಲ್ಲ ಸೌದೆ ರಾಶಿಯಾಗಿ ನಿಂತಿರುತ್ತವೆ. ಅಜ್ಜನ ಕಾಲದವರು ಬಿದಿರುಕಾಡು ಉರಿದದ್ದನ್ನು ಕಣ್ಣಾರೆ ನೋಡಿರಲೇಬೇಕು.

ಕ್ಯಾಲಿಫೋರ್ನಿಯಾದಲ್ಲಿದ್ದೀವಿ. ಇಲ್ಲಿನ ಬೆಂಕಿಗೂ ಊರಿನ ಕಡೆ ಬೆಂಕಿಗೂ ಏನು ವ್ಯತ್ಯಾಸ?

ಅಲ್ಲಿ ಜ್ವಾಲೆ ಮರದ ನೆತ್ತಿಗೇರುತ್ತದೆ. ಒಣಗಾಳಿ ಸೇರಿದರೆ ಕೆಂಡ ಹಾರಿ ದೂರದ ಮನೆಗಳಿಗೂ ಹತ್ತುತ್ತದೆ. 2018ರಲ್ಲಿ 'ಕ್ಯಾಂಪ್ ಫೈರ್' ಅಂತ ಹೆಸರಾದ ಕಾಡ್ಗಿಚ್ಚು ಪ್ಯಾರಡೈಸ್ ಅನ್ನುವ ಊರನ್ನೇ ನುಂಗಿ 85 ಜನರನ್ನು ಬಲಿ ತೆಗೆದುಕೊಂಡಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಏನಾಯಿತು ಅಂತ ನಿಮಗೇ ಗೊತ್ತು.

ನಮ್ಮದು ಹೆಚ್ಚಾಗಿ ನೆಲದ ಬೆಂಕಿ. ತರಗೆಲೆ, ಹುಲ್ಲು, ಪೊದೆ ಸುಡುತ್ತಾ ಹೋಗುತ್ತದೆ, ದೊಡ್ಡ ಮರಗಳು ಬುಡ ಕಪ್ಪಾಗಿಸಿಕೊಂಡು ನಿಲ್ಲುತ್ತವೆ. ಹಾಗಂತ ಇದನ್ನು ಹಗುರವಾಗಿ ನೋಡಬೇಡಿ. ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಹುಲ್ಲಿನ ಇಳಿಜಾರಿಗೆ ಬಿದ್ದ ಬೆಂಕಿ 20ಕ್ಕೂ ಹೆಚ್ಚು ಚಾರಣಿಗರ ಜೀವ ತೆಗೆಯಿತು. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುವ ವೇಗಕ್ಕೆ ಮನುಷ್ಯ ಓಡಲಾರ.

ಸುಟ್ಟ ಕಾಡು ಅಂದ್ರೆ ಸತ್ತ ಕಾಡು ಅಲ್ವಾ?

ಯಾವ ಕಾಡು ಅನ್ನೋದರ ಮೇಲೆ ನಿಂತಿದೆ, ಮತ್ತು ನಮ್ಮ ಜಗಳಗಳೆಲ್ಲ ಹುಟ್ಟೋದು ಈ ಪ್ರಶ್ನೆಯನ್ನು ಕೇಳದೇ ಹೋದಾಗ.

ಬಂಡೀಪುರದಂಥ ಎಲೆ ಉದುರುವ ಕಾಡಿನ ಮರಗಳನ್ನು ನೋಡಿ. ಮತ್ತಿ, ದಿಂಡಿಗ, ಹೊನ್ನೆ, ತೇಗ. ತೊಗಟೆ ದಪ್ಪ. ಎಳೆಯ ಗಿಡ ಮೇಲೆ ಸುಟ್ಟರೂ ಬೇರಿನಿಂದ ಮತ್ತೆ ಚಿಗುರುತ್ತದೆ. ಇವು ಸಾವಿರಾರು ವರ್ಷ ಬೆಂಕಿಯ ಜೊತೆ ಬಾಳಿದ ಜಾತಿಗಳು. ನಾವು 'ಒಣ ಕಾಡು' ಅಂತ ಕರೆಯುವ ಎಷ್ಟೋ ಜಾಗಗಳು ನಿಜಕ್ಕೂ ಹುಲ್ಲೂ ಮರವೂ ಬೆರೆತ ಸವನ್ನಾಗಳು, ಅಲ್ಲಿ ಬೆಂಕಿ ಆ ವ್ಯವಸ್ಥೆಯ ಒಂದು ಭಾಗ ಅಂತ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ವಿಜ್ಞಾನಿಗಳು ವಾದಿಸುತ್ತಾ ಬಂದಿದ್ದಾರೆ.

ಆಗುಂಬೆಯಂಥ ನಿತ್ಯಹರಿದ್ವರ್ಣ ಕಾಡಿನ ಕತೆ ಪೂರ್ತಿ ಬೇರೆ. ಅಲ್ಲಿನ ಮರಗಳ ತೊಗಟೆ ತೆಳು, ಬೆಂಕಿಯ ಅಭ್ಯಾಸವೇ ಇಲ್ಲ. ಒಂದು ಸಣ್ಣ ನೆಲದ ಬೆಂಕಿಯೂ ದೊಡ್ಡ ಮರವನ್ನು ಕೊಲ್ಲಬಹುದು. ಕುದುರೆಮುಖ, ಮುಳ್ಳಯ್ಯನಗಿರಿಯ ಕಡೆ ಹುಲ್ಲುಗಾವಲು ಮತ್ತು ಶೋಲಾ (ಬೆಟ್ಟದ ಕಣಿವೆಗಳ ದಟ್ಟ ನಿತ್ಯಹರಿದ್ವರ್ಣ ಕಾಡು) ಪಕ್ಕಪಕ್ಕದಲ್ಲೇ ಇವೆ. ಹುಲ್ಲು ಮುಂದಿನ ಮಳೆಗೆ ಹಸಿರಾಗುತ್ತದೆ, ಆದರೆ ಪ್ರತಿ ವರ್ಷ ಬೆಂಕಿ ತಾಗಿದರೆ ಶೋಲಾದ ಅಂಚು ಸವೆಯುತ್ತಾ ಹೋಗುತ್ತದೆ.

2019ರಲ್ಲಿ ಬಂಡೀಪುರದಲ್ಲಿ ನಿಜಕ್ಕೂ ಏನಾಯ್ತು?

ಫೆಬ್ರವರಿ ಮೂರನೇ ವಾರ ಶುರುವಾದ ಬೆಂಕಿ ಹತ್ತಿರ ಹತ್ತಿರ ಒಂದು ವಾರ ಉರಿಯಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಕೆಟ್ಟಿನಲ್ಲಿ ನೀರು ತಂದು ಸುರಿಯಬೇಕಾಯಿತು. ಉಪಗ್ರಹ ಚಿತ್ರದ ಲೆಕ್ಕದಲ್ಲಿ ಸುಟ್ಟದ್ದು 10 ಸಾವಿರ ಎಕರೆಗೂ ಜಾಸ್ತಿ. ಕಿಡಿ ಮನುಷ್ಯರದ್ದೇ. ಆದರೆ ಬೆಂಕಿ ಕೈಮೀರುವಷ್ಟು ಬೆಳೆದದ್ದಕ್ಕೆ ಗಾಳಿ, ಒಣಗಿದ ಹುಲ್ಲು, ಮತ್ತು ಕಾಡಿನ ತುಂಬ ಹಬ್ಬಿದ್ದ ಲಂಟಾನ ಅನ್ನುವ ಹೊರಗಿನಿಂದ ಬಂದ ಕಳೆಪೊದೆ ಕಾರಣ. 'ಹಚ್ಚಿದವರು ಯಾರು' ಅನ್ನುವುದರ ಬಗ್ಗೆ ಆಗ ಬಹಳ ಚರ್ಚೆಯಾಯಿತು. 'ಇಷ್ಟೊಂದು ಉರಿಯೋಕೆ ಅಲ್ಲಿ ಏನಿತ್ತು' ಅನ್ನೋದರ ಬಗ್ಗೆ ಅಷ್ಟು ಆಗಲಿಲ್ಲ.

## ಹವಾಮಾನ ಮತ್ತು ಲೆಕ್ಕಾಚಾರ

ಹಚ್ಚೋದು ಮನುಷ್ಯ ಅಂದಮೇಲೆ ಹವಾಮಾನ ಬದಲಾವಣೆ ಯಾಕೆ ಮಧ್ಯೆ ಬರುತ್ತೆ?

ಕಿಡಿ ಬಿದ್ದರೆ ಸಾಲದು, ಹತ್ತಿಕೊಳ್ಳುವಷ್ಟು ಎಲೆ ಒಣಗಿರಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಅಂದರೆ ಬಿಸಿಗಾಳಿ ನೆಲದ ತರಗಿನಿಂದ, ಹುಲ್ಲಿನಿಂದ ಅಷ್ಟು ಜಾಸ್ತಿ ನೀರು ಎಳೆಯುತ್ತದೆ. ಅದೇ ಬೀಡಿ ಜನವರಿಯಲ್ಲಿ ಆರಿ ಹೋಗುತ್ತದೆ, ಮಾರ್ಚ್‌ನಲ್ಲಿ ಗುಡ್ಡ ಸುಡುತ್ತದೆ. ಈಗ ಆ ಮಾರ್ಚ್ ಫೆಬ್ರವರಿಗೇ ಬರುತ್ತಿದೆ. 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 1901ರಿಂದ ಈಚೆಗೆ ಅತಿ ಹೆಚ್ಚು ಅಂತ ಹವಾಮಾನ ಇಲಾಖೆ ಹೇಳಿತು. ಅದರ ಬೆನ್ನಿಗೇ ಮಾರ್ಚ್‌ನಲ್ಲಿ ಗೋವಾದ ಮಹದಾಯಿ ಅಭಯಾರಣ್ಯ ಉರಿಯಿತು. ಅದು ತೇವದ ಕಾಡು, ನಮ್ಮ ಖಾನಾಪುರಕ್ಕೆ ಅಂಟಿಕೊಂಡೇ ಇರುವಂಥದ್ದು. ನನಗೆ ಹೆಚ್ಚು ಚಿಂತೆ ಇಂಥ ಕಾಡುಗಳದ್ದೇ.

ಇನ್ನೊಂದು ವಿಷಯ. ಒಂದು ವರ್ಷ ಜೋರು ಮಳೆ, ಮುಂದಿನ ವರ್ಷ ಬರ ಅಂತಾದರೆ ಅದು ಬೆಂಕಿಗೆ ಹೇಳಿ ಮಾಡಿಸಿದ ಜೋಡಿ. ಮಳೆ ಹುಲ್ಲು ಬೆಳೆಸುತ್ತದೆ, ಬರ ಅದನ್ನು ಒಣಗಿಸುತ್ತದೆ.

ವರ್ಷ ವರ್ಷ ಬೆಂಕಿ ಜಾಸ್ತಿ ಆಗ್ತಿದೆ ಅಂತಾರಲ್ಲ, ಲೆಕ್ಕ ಇದೆಯಾ?

ಲೆಕ್ಕ ಇದೆ, ಓದುವಾಗ ಹುಷಾರಾಗಿರಬೇಕು ಅಷ್ಟೇ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹದ ಎಚ್ಚರಿಕೆಗಳನ್ನು ಕಳಿಸುತ್ತಿದೆ. ಮೊದಲು ಬಳಸಿದ ಮೋಡಿಸ್ ಉಪಕರಣ 1 ಕಿಲೋಮೀಟರಿನ ಚೌಕದಲ್ಲಿ ನೋಡುತ್ತಿತ್ತು. ಆಮೇಲೆ ಬಂದ ವಿರ್ಸ್ 375 ಮೀಟರಿನ ಚೌಕದಲ್ಲಿ ನೋಡುತ್ತದೆ, ಹಾಗಾಗಿ ಮೊದಲು ತಪ್ಪಿಸಿಕೊಳ್ಳುತ್ತಿದ್ದ ಸಣ್ಣ ಬೆಂಕಿಯೂ ಈಗ ಸಿಗುತ್ತದೆ. ಹಳೆಯ ಎಣಿಕೆಯ ಪಕ್ಕ ಹೊಸ ಎಣಿಕೆ ಇಟ್ಟು 'ಇಷ್ಟು ಪಟ್ಟು ಹೆಚ್ಚಾಯ್ತು' ಅನ್ನೋ ಸುದ್ದಿ ನೋಡಿದರೆ ನಂಬಬೇಡಿ. ಮೇಲಾಗಿ ಒಂದೇ ದೊಡ್ಡ ಬೆಂಕಿ ಹತ್ತಾರು ಎಚ್ಚರಿಕೆಗಳಾಗಿ ಬರಬಹುದು. ಎಚ್ಚರಿಕೆ ಬೇರೆ, ಸುಟ್ಟ ನೆಲ ಬೇರೆ.

ಒಂದೇ ಜಾಗವನ್ನು ಬಹಳ ಕಾಲ ನೋಡಿದ ಅಧ್ಯಯನಗಳೇ ಹೆಚ್ಚು ನಂಬಿಕೆಗೆ ಅರ್ಹ. ಬಂಡೀಪುರಕ್ಕೆ ತಾಗಿದ ಮುದುಮಲೆಯ ಬೆಂಕಿ ನಕ್ಷೆಗಳನ್ನು ಹೋಲಿಸಿದ ಅಧ್ಯಯನವೊಂದರ ಪ್ರಕಾರ, 20ನೇ ಶತಮಾನದ ಶುರುವಿನಲ್ಲಿ ಸರಾಸರಿ 10 ವರ್ಷಕ್ಕೊಮ್ಮೆ ಸುಡುತ್ತಿದ್ದ ನೆಲ, ಶತಮಾನದ ಕೊನೆಗೆ ಮೂರು ಚಿಲ್ಲರೆ ವರ್ಷಕ್ಕೊಮ್ಮೆ ಸುಡತೊಡಗಿತ್ತು.

ಉಪಗ್ರಹ ಇದೆಯಲ್ಲ, ಬೆಂಕಿ ಬಿದ್ದ ಕೂಡ್ಲೇ ಗೊತ್ತಾಗಲ್ವಾ?

ಕೂಡಲೇ ಗೊತ್ತಾಗಲ್ಲ. ಈ ಉಪಗ್ರಹಗಳು ಒಂದು ಜಾಗದ ಮೇಲೆ ದಿನಕ್ಕೆ ಕೆಲವೇ ಸಲ ಹಾದು ಹೋಗುತ್ತವೆ. ವಿರ್ಸ್ ಇರುವವು ಬರೋದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಮೂರು ಗಂಟೆಗೆ ಹತ್ತಿ ಸಂಜೆಗೆ ಆರಿದ ಬೆಂಕಿ ಲೆಕ್ಕಕ್ಕೇ ಸಿಗದೆ ಹೋಗಬಹುದು. ದಟ್ಟ ಮರಗಳ ಕೆಳಗಿನ ಸಣ್ಣ ಬೆಂಕಿಯೂ ಹಾಗೇ. ಗುಡ್ಡದ ವೀಕ್ಷಣಾ ಗೋಪುರದಲ್ಲಿ ಕೂತ ಫೈರ್ ವಾಚರ್‌ನ ಕಣ್ಣು ಇವತ್ತಿಗೂ ಎಷ್ಟೋ ಸಲ ಉಪಗ್ರಹಕ್ಕಿಂತ ಮುಂದೆ.

## ತರಗು ಬೆಂಕಿ ಮತ್ತು ಲಂಟಾನ

ಸೋಲಿಗರ ತರಗು ಬೆಂಕಿ ಅಂತ ಕೇಳಿದ್ದೀನಿ. ಏನದು?

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲು ಬೇಸಿಗೆ ಪೂರ್ತಿ ಏರುವ ಮುಂಚೆಯೇ ನೆಲದ ತರಗಿಗೆ ಬೆಂಕಿ ಹಾಕುತ್ತಿದ್ದರು. ಆ ಹೊತ್ತಿಗೆ ರಾತ್ರಿ ಇಬ್ಬನಿ ಇರುತ್ತದೆ, ಮಣ್ಣಿನಲ್ಲಿ ಪಸೆ ಇರುತ್ತದೆ. ಜ್ವಾಲೆ ಮೊಣಕಾಲಿಗಿಂತ ಮೇಲೇಳಲ್ಲ. ತರಗೆಲೆ ಸುಟ್ಟು, ಹಸಿ ಜಾಗ ಸಿಕ್ಕಲ್ಲಿ ತಾನೇ ಆರುತ್ತದೆ. ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಸುಟ್ಟ ನೆಲದಿಂದಾಗಿ ಮಾರ್ಚ್‌ನಲ್ಲಿ ಕಿಡಿ ಬಿದ್ದರೂ ದೊಡ್ಡ ಬೆಂಕಿಗೆ ಹಾದಿ ಸಿಗುತ್ತಿರಲಿಲ್ಲ.

ಇದರ ಹಿಂದೆ ನೆಲ್ಲಿಕಾಯಿಯ ಲೆಕ್ಕವೂ ಇದೆ. ನೆಲ್ಲಿ ಮರದ ಕೊಂಬೆಗೆ ಉಪ್ಪಿಲು ಅನ್ನುವ ಬಂದಳಿಕೆ ಹತ್ತುತ್ತದೆ, ಅದು ಮರದ ಸಾರ ಹೀರಿ ಕಾಯಿ ಕಡಿಮೆ ಮಾಡುತ್ತದೆ. ಬೆಂಕಿಯ ಬಿಸಿ, ಹೊಗೆ ಉಪ್ಪಿಲನ್ನು ಹತೋಟಿಯಲ್ಲಿ ಇಡುತ್ತಿತ್ತು ಅನ್ನುತ್ತಾರೆ ಸೋಲಿಗರು. ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿತು ಅನ್ನೋದು ಅವರ ಅನುಭವ. ವಿಜ್ಞಾನಿಗಳು ಈ ಮಾತನ್ನು ಕೇಳಿಸಿಕೊಂಡು, ಅದನ್ನು ಪರೀಕ್ಷಿಸಲು ಹೊರಟದ್ದು ನಮ್ಮ ಕಾಡ್ಗಿಚ್ಚಿನ ಸಂಶೋಧನೆಯಲ್ಲಿ ಒಂದು ಒಳ್ಳೆಯ ಅಧ್ಯಾಯ ಅಂತ ನನ್ನ ಅಭಿಪ್ರಾಯ.

1974ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಆಮೇಲೆ ಬೆಂಕಿ ಹಾಕುವ ಪದ್ಧತಿಗೆ ತಡೆ ಬಿತ್ತು.

ಲಂಟಾನ ಹಬ್ಬಿದ್ದು ಬೆಂಕಿಯಿಂದಲೋ, ಬೆಂಕಿ ನಿಲ್ಲಿಸಿದ್ದರಿಂದಲೋ?

ಇದಕ್ಕೆ ಎರಡು ವಾದ ಇವೆ. ಬೆಂಕಿ ಬಿದ್ದರೆ ನೆಲ ತೆರೆದುಕೊಳ್ಳುತ್ತದೆ, ಲಂಟಾನ ಬುಡದಿಂದ ಚಿಗುರಿ ಆ ಜಾಗ ಹಿಡಿಯುತ್ತದೆ, ಒಣಗಿದಾಗ ಇನ್ನೂ ದೊಡ್ಡ ಬೆಂಕಿಗೆ ಉರುವಲಾಗುತ್ತದೆ, ಹೀಗೆ ಸುತ್ತುತ್ತಾ ಹೋಗುತ್ತದೆ ಅನ್ನೋದು ಒಂದು. ಸೋಲಿಗರು ಹೇಳೋದು ಉಲ್ಟಾ: ತರಗು ಬೆಂಕಿ ಇದ್ದಾಗ ಎಳೆ ಲಂಟಾನ ಸುಟ್ಟು ಹೋಗುತ್ತಿತ್ತು, ನಿಲ್ಲಿಸಿದ ಮೇಲೆಯೇ ಅದು ಕಾಡು ತುಂಬಿತು.

ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಬೆಟ್ಟದಲ್ಲಿ ಅದೇ ಜಾಗಗಳನ್ನು 1997ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ ಅಳೆದರು. ಅಷ್ಟರಲ್ಲಿ ಲಂಟಾನದ ಸಾಂದ್ರತೆ ಸುಮಾರು ನಾಲ್ಕು ಪಟ್ಟಾಗಿತ್ತು. ಬೆಂಕಿಯೊಂದರ ಮೇಲೇ ತಪ್ಪು ಹೊರಿಸುವ ಸರಳ ವಿವರಣೆ ಅಲ್ಲಿ ಸಾಲಲಿಲ್ಲ, ಸೋಲಿಗರ ಮಾತಿಗೆ ತೂಕ ಬಂತು. ನನಗನ್ನಿಸೋದು, ಎರಡೂ ವಾದ ತಮ್ಮ ತಮ್ಮ ಹಂತದಲ್ಲಿ ಸರಿ ಇರಬಹುದು. ಎಳೆಯ ಲಂಟಾನಕ್ಕೆ ತಣ್ಣನೆಯ ಬೆಂಕಿ ಶತ್ರು, ಬಲಿತ ಲಂಟಾನಕ್ಕೆ ಬಿಸಿ ಬೆಂಕಿ ಹಾದಿ ಮಾಡಿಕೊಡುತ್ತದೆ.

ಹಾಗಾದ್ರೆ ಈಗಲೇ ತರಗು ಬೆಂಕಿ ಹಾಕೋಕೆ ಶುರು ಮಾಡಬಹುದಲ್ಲ?

ದಯವಿಟ್ಟು ಬೇಡ. ಮೊದಲನೆಯದಾಗಿ ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯಕ್ಕೆ ಬೆಂಕಿ ಹಾಕುವುದನ್ನು ನಿಷೇಧಿಸುತ್ತದೆ. ಎರಡನೆಯದು, ಕಾಡು ಆಗಿನ ಹಾಗೆ ಉಳಿದಿಲ್ಲ. ಆಳೆತ್ತರದ ಲಂಟಾನ ಈಗ ಏಣಿಯ ಹಾಗೆ ನಿಂತಿದೆ, ನೆಲದ ಬೆಂಕಿಯನ್ನು ಮರದ ಕೊಂಬೆಗೆ ಹತ್ತಿಸುತ್ತದೆ. ಮೊದಲು ಅದನ್ನು ಕಿತ್ತು, ಸಣ್ಣ ತುಂಡು ನೆಲದಲ್ಲಿ, ಇಲಾಖೆ, ಸೋಲಿಗರು, ವಿಜ್ಞಾನಿಗಳು ಒಟ್ಟಿಗೆ ನಿಂತು ಸುಟ್ಟು ನೋಡಬೇಕು. ಪಕ್ಕದಲ್ಲೇ ಸುಡದ ತುಂಡನ್ನೂ ಬಿಡಬೇಕು. ಎರಡನ್ನೂ ಹತ್ತಾರು ವರ್ಷ ಅಳೆಯಬೇಕು. 2011ರಲ್ಲಿ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಸಿಕ್ಕಿವೆ, ಹಾಗಾಗಿ ಅವರನ್ನು ಕೂಲಿಗೆ ಕರೆದರೆ ಸಾಲದು, ಯೋಜನೆ ಮಾಡುವಾಗಲೇ ಕೂರಿಸಬೇಕು.

ಇದೇನೂ ಹೊಸ ವಿಚಾರವಲ್ಲ. ಬ್ರಿಟಿಷರು 1860ರ ದಶಕದಿಂದ ಕಾಡಿಗೆ ಬೆಂಕಿಯೇ ಬೀಳಬಾರದು ಅಂತ ಹೊರಟರು. ಕೆಲವು ದಶಕ ಕಳೆದ ಮೇಲೆ ಬೆಂಕಿ ಇಲ್ಲದ ಕಡೆ ಸಾಲ್, ತೇಗದ ಸಸಿಗಳೇ ಏಳುತ್ತಿಲ್ಲ ಅಂತ ಅವರದೇ ಅಧಿಕಾರಿಗಳು ಬರೆದರು.

## ಸಂಶೋಧನೆ ಯಾಕೆ, ಎಂಥದ್ದು

ನಂದಿಸೋಕೇ ದುಡ್ಡು, ಜನ ಸಾಲಲ್ಲ. ಇದರಲ್ಲಿ ಸಂಶೋಧನೆಗೆ ಯಾಕೆ ಖರ್ಚು?

ಇರುವ ಜನರನ್ನು ಎಲ್ಲಿ, ಯಾವಾಗ ನಿಲ್ಲಿಸಬೇಕು ಅಂತ ತಿಳಿಯೋಕೇ ಸಂಶೋಧನೆ ಬೇಕು. ಒಂದು ವಲಯದಲ್ಲಿ ಇಪ್ಪತ್ತು ವಾಚರ್‌ಗಳಿದ್ದಾರೆ ಅಂದುಕೊಳ್ಳಿ. ಎಲ್ಲ ಬೀಟ್‌ಗೂ (ಕಾವಲಿನ ಸಣ್ಣ ವಿಭಾಗ) ಸಮನಾಗಿ ಹಂಚೋದು ಸುಲಭ. ಆದರೆ ಹಳೆಯ ಬೆಂಕಿಯ ನಕ್ಷೆ ಕೈಯಲ್ಲಿದ್ದರೆ ಪ್ರತಿ ವರ್ಷ ಬೆಂಕಿ ಯಾವ ದಾರಿ, ಯಾವ ಹಳ್ಳದ ಕಡೆಯಿಂದ ಬರುತ್ತದೆ ಅಂತ ಕಾಣುತ್ತದೆ, ಜನರನ್ನು ಅಲ್ಲಿ ನಿಲ್ಲಿಸಬಹುದು. ಬೆಂಕಿ ರೇಖೆ (ಬೆಂಕಿ ದಾಟದಂತೆ ತರಗು, ಹುಲ್ಲು ತೆಗೆದ ಪಟ್ಟಿ) ಎಷ್ಟು ಅಗಲ ಇರಬೇಕು, ಎಲ್ಲಿ ಅದು ದಂಡ, ಎಲ್ಲಿ ಲಂಟಾನಕ್ಕೆ ಹೊಸ ದಾರಿ ಮಾಡಿಕೊಡುತ್ತದೆ ಅನ್ನೋದನ್ನೂ ಅಳೆದೇ ತಿಳಿಯಬೇಕು.

ಬೆಂಕಿಯ ಅಪಾಯ ಮೊದಲೇ ಹೇಳೋ ಸೂಚ್ಯಂಕಗಳಿವೆಯಲ್ಲ, ಅವು ಸಾಕಲ್ವಾ?

ಜಗತ್ತು ಹೆಚ್ಚು ಬಳಸೋದು ಕೆನಡಾದವರು 1970ರಲ್ಲಿ ಹೊರತಂದ ಸೂಚ್ಯಂಕವನ್ನು. ಉಷ್ಣಾಂಶ, ತೇವಾಂಶ, ಗಾಳಿ, ಮಳೆ ಕೊಟ್ಟರೆ ಅಪಾಯದ ಅಂಕಿ ಕೊಡುತ್ತದೆ. ಆದರೆ ಅದರೊಳಗಿನ ಲೆಕ್ಕ ನಿಂತಿರೋದು ಅವರ ಪೈನ್ ಕಾಡಿನ ಸೂಜಿ ಎಲೆಗಳ ಮೇಲೆ. ನಮ್ಮ ನೆಲದಲ್ಲಿ ಬಿದ್ದಿರೋದು ಅಂಗೈಗಿಂತ ದೊಡ್ಡ ತೇಗದ ಎಲೆ. ಅದು ಸುರುಳಿ ಸುತ್ತಿಕೊಂಡು, ನಡುವೆ ಗಾಳಿಯಾಡುವ ಹಾಗೆ ಬೀಳುತ್ತದೆ. ಬೆಳಗಿನ ಜಾವ ಕೈಯಲ್ಲಿ ಹಿಡಿದರೆ ಚರ್ಮದ ಹಾಗೆ ಬಾಗುತ್ತದೆ, ಮಧ್ಯಾಹ್ನ ಎರಡಕ್ಕೆ ಮುಟ್ಟಿದರೆ ಪುಡಿಪುಡಿ.

ಈ ವ್ಯತ್ಯಾಸವನ್ನು ಅಳೆಯೋದು ಕಷ್ಟವೇನಲ್ಲ. ಎಲೆ ಆರಿಸಿ ಗಾಳಿಯಾಡದ ಚೀಲಕ್ಕೆ ಹಾಕಿ ತೂಗಬೇಕು, ಓವನ್‌ನಲ್ಲಿ ತೂಕ ಇಳಿಯೋದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಬೇಕು. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿದರೆ ತೇವದ ಪ್ರಮಾಣ ಸಿಗುತ್ತದೆ. ಇದನ್ನು ವಾರಕ್ಕೆರಡು ಸಲ, ಡಿಸೆಂಬರಿನಿಂದ ಮೇವರೆಗೆ, ಮತ್ತಿ, ದಿಂಡಿಗ, ತೇಗ, ಬೋದೆ ಹುಲ್ಲು, ಲಂಟಾನ ಎಲ್ಲಕ್ಕೂ ಮಾಡಬೇಕು. ಪೊನ್ನಂಪೇಟೆ, ಶಿರಸಿಯ ಅರಣ್ಯ ಕಾಲೇಜುಗಳಂಥ ಕಡೆ ಇದನ್ನು ಪ್ರತಿ ವರ್ಷ ನಡೆಸಿದರೆ ಕೆಲವೇ ವರ್ಷಗಳಲ್ಲಿ ನಮ್ಮ ಕಾಡಿಗೆ ಹೊಂದುವ ಸೂಚ್ಯಂಕ ಕಟ್ಟಬಹುದು. ಯಾವ ಸಂಶೋಧನೆ ಮೊದಲು ಬೇಕು ಅಂತ ಕೇಳಿದರೆ ನಾನು ಹೇಳೋದು ಇದನ್ನೇ.

ಸಾವಿರ ವರ್ಷದ ಹಿಂದೆ ಬೆಂಕಿ ಬಿದ್ದಿತ್ತಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತೆ?

ಮಣ್ಣಿನಿಂದ. ಜೌಗು ಜಾಗದಲ್ಲಿ ವರ್ಷ ವರ್ಷ ಕೂರುವ ಕೆಸರಿನ ಪದರಗಳಲ್ಲಿ ಹೂವಿನ ಪರಾಗ, ಇದ್ದಿಲಿನ ಸಣ್ಣ ಕಣ ಎರಡೂ ಉಳಿದಿರುತ್ತವೆ. ಕೊಡಗಿನಲ್ಲಿ ಇಂಥ ಪದರಗಳಿಂದ ಸುಮಾರು 7500 ವರ್ಷಗಳ ಕತೆಯನ್ನು ಓದಿದ್ದಾರೆ. ಇದ್ದಿಲು ಜಾಸ್ತಿ ಇರುವ ಪದರದಲ್ಲಿ ಯಾವ ಮರದ ಪರಾಗ ಕಡಿಮೆಯಾಯಿತು, ಮತ್ತೆ ಎಷ್ಟು ಕಾಲಕ್ಕೆ ಮರಳಿತು ಅಂತ ನೋಡಿದರೆ, ಯಾವ ಕಾಡು ಚೇತರಿಸಿಕೊಳ್ಳಬಲ್ಲದು ಅನ್ನೋದರ ಸುಳಿವು ಸಿಗುತ್ತದೆ.

ಈಗಿನ ಕಾಲಕ್ಕೆ ಬೇಕಾದ್ದು ಮುದುಮಲೆಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿ, ಒಂದು ಸೆಂಟಿಮೀಟರ್ ದಪ್ಪಕ್ಕಿಂತ ಮೇಲಿನ ಪ್ರತಿ ಕಾಂಡಕ್ಕೂ ನಂಬರ್ ಕೊಟ್ಟು ನೋಡುತ್ತಾ ಬಂದಿದ್ದಾರೆ. ಯಾವ ವರ್ಷ ಬೆಂಕಿ ಬಿತ್ತು, ಯಾವ ಗಿಡ ಸತ್ತಿತು, ಯಾವುದು ಚಿಗುರಿತು ಎಲ್ಲ ದಾಖಲಾಗಿದೆ. ಇಂಥದ್ದು ನಮ್ಮ ಶೋಲಾದಲ್ಲಿ, ಆಗುಂಬೆಯ ಕಡೆ, ಬಳ್ಳಾರಿಯ ಕುರುಚಲು ಕಾಡಿನಲ್ಲೂ ಬೇಕು. ಮೂರು ವರ್ಷದ ಯೋಜನೆಗೆ ದುಡ್ಡು ಕೊಟ್ಟು ನಿಲ್ಲಿಸಿದರೆ ಬೆಂಕಿಯ ಬಗ್ಗೆ ಏನೂ ತಿಳಿಯಲ್ಲ, ಏಕೆಂದರೆ ಆ ಮೂರು ವರ್ಷ ಬೆಂಕಿಯೇ ಬೀಳದೆ ಇರಬಹುದು.

ಬೆಂಕಿ ನಂದಿಸೋ ಜನರ ಬಗ್ಗೆ ಯಾರಾದ್ರೂ ಅಧ್ಯಯನ ಮಾಡ್ತಾರಾ?

ಸಾಲದು, ತೀರಾ ಸಾಲದು. 2017ರಲ್ಲಿ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕ, 2023ರಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು ಬೆಂಕಿ ನಂದಿಸಲು ಹೋಗಿ ಪ್ರಾಣ ಕಳೆದುಕೊಂಡರು. ಇವತ್ತಿಗೂ ಎಷ್ಟೋ ಕಡೆ ಆಯುಧ ಅಂದರೆ ಹಸಿ ಸೊಪ್ಪಿನ ಕೊಂಬೆ. ಈಚೆಗೆ ಬ್ಲೋವರ್ ಬಂದಿದೆ, ಅದನ್ನು ಬೆನ್ನಿಗೆ ಹೊತ್ತು ಗುಡ್ಡ ಹತ್ತಬೇಕು. ಹೆಚ್ಚಿನ ವಾಚರ್‌ಗಳು ಕೆಲವು ತಿಂಗಳ ದಿನಗೂಲಿಯವರು. ಗಂಟೆಗಟ್ಟಲೆ ಹೊಗೆ ಕುಡಿದ ಶ್ವಾಸಕೋಶ ಹತ್ತು ವರ್ಷದ ಮೇಲೆ ಹೇಗಿರುತ್ತದೆ? ನಲವತ್ತು ಡಿಗ್ರಿ ಬಿಸಿಲಲ್ಲಿ, ಬೆಂಕಿಯ ಎದುರು, ಎಷ್ಟು ಹೊತ್ತಿಗೆ ಒಬ್ಬನನ್ನು ಹಿಂದೆ ಕರೆಸಬೇಕು? ಸಂಶೋಧನೆಯ ಪಟ್ಟಿಯಲ್ಲಿ ಮರ, ಹುಲಿ, ಇಂಗಾಲದ ಜೊತೆ ಇವರ ಹೆಸರೂ ಮೇಲಿರಬೇಕು. ತಾತ್ಕಾಲಿಕ ನೌಕರರಿಗೂ ವಿಮೆ, ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ ಆಗಬೇಕು. ಆ ತಪಾಸಣೆಯ ದಾಖಲೆಯೇ ಮುಂದೆ ಅಧ್ಯಯನಕ್ಕೆ ಆಧಾರವಾಗುತ್ತದೆ.

ಸುಟ್ಟ ಜಾಗದಲ್ಲಿ ಗಿಡ ನೆಡೋಕೆ ನಮ್ಮ ತಂಡ ರೆಡಿ ಇದೆ. ಎಲ್ಲಿಗೆ ಬರಬೇಕು?

ಒಂದು ಮಳೆಗಾಲ ತಾಳಿ. ಎಲೆ ಉದುರುವ ಕಾಡು ಬೇರಿನಿಂದಲೇ ಏಳುತ್ತದೆ, ಗುಂಡಿ ತೋಡಿದರೆ ಆ ಬೇರಿಗೇ ಏಟು. ಹುಲ್ಲುಗಾವಲಿನಲ್ಲಂತೂ ಮರ ನೆಡಲೇಬಾರದು. ನಿಮ್ಮ ಕೈ ನಿಜಕ್ಕೂ ಬೇಕಿರೋದು ಮೊದಲ ಮಳೆ ಬಿದ್ದ ಮೇಲೆ, ಸುಟ್ಟ ನೆಲದಲ್ಲಿ ಮೊಳೆಯುವ ಲಂಟಾನ ಸಸಿ ಕೀಳೋಕೆ. ಮಣ್ಣು ಹಸಿ ಇರುವಾಗ ಬೇರು ಸಮೇತ ಬರುತ್ತದೆ. ವಲಯ ಅರಣ್ಯಾಧಿಕಾರಿಯ ಒಪ್ಪಿಗೆ ತೆಗೆದುಕೊಂಡೇ ಹೋಗಿ.

ನಾನು ಡಿಗ್ರಿ ಓದ್ತಿದ್ದೀನಿ. ಈ ವಿಷಯದಲ್ಲಿ ಎಲ್ಲಿಂದ ಶುರು ಮಾಡಲಿ?

ನಿಮ್ಮ ತಾಲೂಕಿನಿಂದ. ನಾಸಾದ ಫರ್ಮ್ಸ್ ತಾಣದಲ್ಲಿ ಬೆಂಕಿಯ ಹಳೆಯ ದಾಖಲೆ ಪುಕ್ಕಟೆ ಸಿಗುತ್ತದೆ. ಅರಣ್ಯ ಸರ್ವೇಕ್ಷಣಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದರೆ ನಿಮ್ಮ ಪ್ರದೇಶದ ಎಚ್ಚರಿಕೆ ಮೊಬೈಲ್‌ಗೇ ಬರುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರವೂ ಪುಕ್ಕಟೆ, 10ರಿಂದ 20 ಮೀಟರಿನಷ್ಟು ಸೂಕ್ಷ್ಮವಾಗಿ ಕಾಣುತ್ತದೆ. ಬೆಂಕಿಗೆ ಮುಂಚಿನ ಚಿತ್ರ, ಆಮೇಲಿನ ಚಿತ್ರ ಹೋಲಿಸಿ ಸುಟ್ಟ ನೆಲದ ನಕ್ಷೆ ಮಾಡೋಕೆ ಕಲಿಯಿರಿ, ಅದಕ್ಕೆ ಕ್ಯೂಜಿಐಎಸ್ ಅನ್ನುವ ನಕ್ಷೆಯ ತಂತ್ರಾಂಶ ಸಾಕು. ಐದಾರು ವರ್ಷದ ನಕ್ಷೆ ಒಂದರ ಮೇಲೊಂದು ಇಟ್ಟರೆ ಯಾವ ಜಾಗ ಮತ್ತೆ ಮತ್ತೆ ಸುಟ್ಟಿದೆ ಅಂತ ಎದ್ದು ಕಾಣುತ್ತದೆ.

ಆಮೇಲೆ ಆ ನಕ್ಷೆ ಹಿಡಿದು ಅಲ್ಲಿನ ವಾಚರ್, ದನ ಮೇಯಿಸುವವರು, ಜೇನು ಇಳಿಸುವವರ ಹತ್ತಿರ ಹೋಗಿ, ಸುಮ್ನೆ ಕೇಳಿ: 'ಇಲ್ಲೇ ಯಾಕೆ?' ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ಆದರೆ ಯಾರ ಹೆಸರನ್ನೂ ಬರೆಯಬೇಡಿ, ಕೇಸಿನ ಭಯ ಇದ್ದರೆ ಯಾರೂ ಬಾಯಿ ಬಿಡಲ್ಲ. ಕಾಡಿನೊಳಗೆ ಕಾಲಿಡಬೇಕಾದರೆ ಇಲಾಖೆಯ ಲಿಖಿತ ಅನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಮುಂದಿನ ಬೇಸಿಗೆಗೆ ಕೆಲಸ ಆಗಬೇಕಾದರೆ ಅರ್ಜಿಯನ್ನು ದಸರಾ ಹೊತ್ತಿಗೇ ಹಾಕಿಬಿಡಿ.